ಭೂತಮ್ಮನ ಕೆಂಪು ಪಟ್ಟಿ

ನಮ್ಮೂರ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಮಹಾಂತೇಶ್ ಒಂದು ಶನಿವಾರ ತುಮಕೂರಿಗೆ ಹೋಗಿ ತಪ್ಪು ಹಾಲ್‌ನಲ್ಲಿ ಕುಳಿತುಬಿಟ್ಟ. ಹಾಲು ಒಕ್ಕೂಟದವರು ಅವನನ್ನು ಕಳಿಸಿದ್ದು ಫ್ಯಾಟು ಅಳೆಯುವ ಯಂತ್ರವನ್ನು ತೊಳೆದು ಒರೆಸಿ ಇಡುವುದು ಹೇಗೆ ಎಂಬ ತರಬೇತಿಗೆ. ಅದು ಒಂದು ಇಂಜಿನಿಯರಿಂಗ್ ಕಾಲೇಜಿನ ಮೊದಲನೇ ಮಹಡಿಯಲ್ಲಿ, ಮೆಟ್ಟಿಲು ಹತ್ತಿ ಎಡಕ್ಕೆ ತಿರುಗಿದರೆ ಸಿಗುವ ಹಾಲ್‌ನಲ್ಲಿತ್ತು. ಮಹಾಂತೇಶ್ ಬಲಕ್ಕೆ ತಿರುಗಿದ. ಬಾಗಿಲಲ್ಲಿ ನಿಂತಿದ್ದ ಹುಡುಗಿಯೊಬ್ಬಳು ನಗುನಗುತ್ತಾ ಅವನ ಕೈಗೆ ಒಂದು ಚೀಲ, ಒಂದು ಪೆನ್ನು, ಎರಡು ಊಟದ ಕೂಪನ್ನು ಕೊಟ್ಟು ಸಹಿ ಹಾಕಿಸಿಕೊಂಡಳು. ಅರ್ಧ ಗಂಟೆಯಾದರೂ ಯಾರ ಬಾಯಲ್ಲೂ ಹಾಲಿನ ಮಾತು ಬರದಿದ್ದಾಗ ಅವನಿಗೆ ಅನುಮಾನ ಬಂತು. ಆದರೆ ಚೀಲ ತೆಗೆದುಕೊಂಡ ಮೇಲೆ ಎದ್ದುಹೋಗುವುದು ಹೇಗೆ? ಮರ್ಯಾದಸ್ಥ ಮನುಷ್ಯ. ಎರಡು ದಿನವೂ ಅಲ್ಲೇ ಕುಳಿತ.

ಕುಳಿತದ್ದು ಪೂರ್ತಿ ದಂಡವಾಗಲಿಲ್ಲ ಎಂದೇ ಹೇಳಬೇಕು. ಇಪ್ಪತ್ತು ವರ್ಷದ ಹಿಂದೆ ಅವನು ಕಂಪ್ಯೂಟರ್ ಡಿಪ್ಲೊಮಾ ಮಾಡಿದ್ದ. ಆ ವಿದ್ಯೆ ಇಷ್ಟು ದಿನವೂ ಹಾಲಿನ ಚೀಟಿ ಮುದ್ರಿಸುವುದಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಒದಗಿರಲಿಲ್ಲ. ಅಲ್ಲಿ ಪಾಠ ಮಾಡಿದ ಮೇಷ್ಟ್ರು ಹೇಳಿದ್ದು ಇಷ್ಟು. ಯಾವುದೇ ಯಂತ್ರವಿರಲಿ, ತಾನು ಮಾಡಿದ ಕೆಲಸವನ್ನೆಲ್ಲ ಗಂಟೆ, ನಿಮಿಷ, ಸೆಕೆಂಡಿನ ಸಮೇತ ಬರೆದಿಟ್ಟುಕೊಳ್ಳುವ ಹಾಗೆ ಮಾಡಬಹುದು. ಹಾಗೆ ಬರೆದಿಟ್ಟದ್ದಕ್ಕೆ ಟ್ರೇಸ್ ಎನ್ನುತ್ತಾರೆ. ಲಕ್ಷಗಟ್ಟಲೆ ಸಾಲುಗಳನ್ನು ಮನುಷ್ಯ ಓದಿ ಮುಗಿಸಲಾರ. ಆದ್ದರಿಂದ ಅದನ್ನು ಚಿತ್ರವಾಗಿ ತೋರಿಸುವ ಒಂದು ಫ್ರೇಮ್‌ವರ್ಕ್ ಇದೆ. ಅದು ಓಪನ್ ಸೋರ್ಸ್. ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಂಡು, ತಮ್ಮ ಕೆಲಸಕ್ಕೆ ಬೇಕಾದ ಹಾಗೆ ನಾಲ್ಕು ಸಾಲು ಬರೆದು, ಬಣ್ಣಬಣ್ಣದ ಪಟ್ಟಿಗಳನ್ನು ಮೂಡಿಸಬಹುದು. ಪಟ್ಟಿಗಳನ್ನು ನೋಡಿದರೆ ಹೊತ್ತು ಎಲ್ಲಿ ಹಾಳಾಗುತ್ತಿದೆ ಎಂಬುದು ತಿಳಿಯುತ್ತದೆ. ಯಾವ ಬಣ್ಣಕ್ಕೆ ಏನು ಅರ್ಥ ಎಂದು ಮೇಷ್ಟ್ರು ಹೇಳಲು ಶುರುಮಾಡಿದಾಗ ಊಟದ ಹೊತ್ತಾಗಿತ್ತು. ಮಹಾಂತೇಶ್ ತನ್ನ ಪುಸ್ತಕದಲ್ಲಿ ‘ಕೆಂಪು ಅಂದರೆ ತಡ’ ಎಂದಷ್ಟೇ ಬರೆದುಕೊಂಡು ಕೂಪನ್ನು ಹಿಡಿದು ಎದ್ದ.

ಊರಿಗೆ ಬಂದ ಮೇಲೆ ಅವನ ಹೆಂಡತಿ ಗಿರಿಜಾಂಬಿಕಾ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದಳು. ಅದರಲ್ಲಿ ಹಾಲಿನ ಮಾತೇ ಇಲ್ಲವಲ್ಲ ಎಂದು ಕೇಳಿದವರಿಗೆಲ್ಲ ಮಹಾಂತೇಶ್, ಇದು ಅದಕ್ಕಿಂತ ಮುಂದಿನದು ಎಂದು ಹೇಳಿದ. ಟ್ರೇಸ್ ಎಂದರೆ ಪೊಲೀಸರು ಕಳೆದುಹೋದದ್ದನ್ನು ಹುಡುಕುವುದು ಎಂದು ತಿಳಿದ ಹುಚ್ಚರಂಗಯ್ಯ ಮಾರನೆಯ ದಿನವೇ ಬಂದು, ಹೋದ ಯುಗಾದಿಯಲ್ಲಿ ತೋಟದಲ್ಲಿ ಕಳೆದುಹೋದ ತನ್ನ ಕುಡುಗೋಲನ್ನು ಟ್ರೇಸ್ ಮಾಡಿಕೊಡಬೇಕೆಂದ. ಹುಚ್ಚರಂಗಯ್ಯ ನಮ್ಮ ಡೈರಿಯ ಹಳೆಯ ಸದಸ್ಯ. ಯಾವ ವಿಷಯವನ್ನೂ ಜೋರಾಗಿ ಕೇಳುವುದಿಲ್ಲ, ಯಾವ ವಿಷಯವನ್ನೂ ಬಿಡುವುದೂ ಇಲ್ಲ.

ಡೈರಿಗೆ ಬೆಳಗ್ಗೆ, ಸಂಜೆ ಎರಡು ಹೊತ್ತೂ ಹಾಲು ಹಾಕುವವರು ಎಂಬತ್ತನಾಲ್ಕು ಮಂದಿ. ಬಂದವರು ಬಾಗಿಲ ಬಳಿಯ ಪೆಟ್ಟಿಗೆಗೆ ತಮ್ಮ ಕಾರ್ಡನ್ನು ತೋರಿಸಬೇಕು. ಸರದಿ ಬಂದಾಗ ಹಾಲನ್ನು ತೂಕದ ಪಾತ್ರೆಗೆ ಸುರಿಯಬೇಕು. ಮಹಾಂತೇಶ್ ಒಂದು ಚಮಚೆಯಷ್ಟು ಹಾಲನ್ನು ಯಂತ್ರಕ್ಕೆ ಕೊಡುತ್ತಾನೆ, ಅದು ಫ್ಯಾಟು ಹೇಳುತ್ತದೆ, ಕಂಪ್ಯೂಟರು ಚೀಟಿ ಕೊಡುತ್ತದೆ. ಒಬ್ಬೊಬ್ಬರಿಗೆ ಇಪ್ಪತ್ತು ಸೆಕೆಂಡು. ಬೆಳಗ್ಗೆ ಏಳೂವರೆಗೆ ಹಾಲಿನ ಗಾಡಿ ಬರುವಷ್ಟರಲ್ಲಿ ಎಲ್ಲ ಮುಗಿದು ಮಹಾಂತೇಶನಿಗೆ ಒಂದು ಬೀಡಿ ಸೇದುವಷ್ಟು ಪುರಸೊತ್ತೂ ಸಿಗುತ್ತಿತ್ತು. ಅಂದರೆ ಅಲ್ಲಿ ಹುಡುಕಬೇಕಾದ ತಡವೇ ಇರಲಿಲ್ಲ. ಆದರೆ ಕೈಯಲ್ಲಿ ಫ್ರೇಮ್‌ವರ್ಕ್ ಇತ್ತಲ್ಲ.

ಮಹಾಂತೇಶ್ ಒಂದು ವಾರ ಮಧ್ಯಾಹ್ನದ ನಿದ್ದೆ ಬಿಟ್ಟು ಕುಳಿತು ಪ್ರೋಗ್ರಾಮು ಬರೆದ. ಒಬ್ಬೊಬ್ಬ ಸದಸ್ಯರಿಗೆ ಒಂದೊಂದು ಅಡ್ಡ ಸಾಲು. ಎಡದಿಂದ ಬಲಕ್ಕೆ ಹೊತ್ತು ಸಾಗುತ್ತದೆ. ಹಾಲು ತೂಗುವಾಗ ಹಸಿರು, ಪರೀಕ್ಷೆಯಾಗುವಾಗ ನೀಲಿ, ಕಾರ್ಡು ತೋರಿಸಿದ ಗಳಿಗೆಯಿಂದ ಹಾಲು ಸುರಿಯುವ ಗಳಿಗೆಯವರೆಗೆ ಕೆಂಪು. ನಿಜ ಹೇಳಬೇಕೆಂದರೆ ಚಿತ್ರ ಚೆನ್ನಾಗಿಯೇ ಬಂತು. ಮನೆಯಲ್ಲಿದ್ದ ಹಳೆಯ ಟಿವಿಯನ್ನು ತಂದು ಡೈರಿಯ ಗೋಡೆಗೆ ತಗುಲಿಹಾಕಿ, ಅದೇ ಕಂಪ್ಯೂಟರಿನಿಂದ ತಂತಿ ಎಳೆದ. ಸಂಘದ ಅಧ್ಯಕ್ಷರಾದ ಬಸವರಾಜಪ್ಪನವರು ಟಿವಿಗೆ ಕುಂಕುಮ ಇಟ್ಟು, ಕಾಯಿ ಒಡೆದು, ನಮ್ಮ ಸಂಘ ಎಲ್ಲಿಂದ ಎಲ್ಲಿಗೆ ಬಂತು ಎಂದು ಐದು ನಿಮಿಷ ಮಾತಾಡಿದರು. ಆ ಐದು ನಿಮಿಷವೂ ಎಂಬತ್ತನಾಲ್ಕು ಸಾಲುಗಳಲ್ಲಿ ಕೆಂಪಾಗಿ ಬಂತು. ಯಾರೂ ಗಮನಿಸಲಿಲ್ಲ.

ಎಲ್ಲರ ಸಾಲಿನಲ್ಲೂ ಕೆಂಪು ಇತ್ತು, ಆದರೆ ಮೂವತ್ತೇಳನೇ ನಂಬರಿನ ಸಾಲಿನಲ್ಲಿ ಇದ್ದಷ್ಟು ಯಾರದ್ದರಲ್ಲೂ ಇರಲಿಲ್ಲ. ಮೂವತ್ತೇಳು ಭೂತಮ್ಮನದು. ಅರವತ್ತೈದು ದಾಟಿದ ಹೆಂಗಸು. ಒಂದು ಸೀಮೆಹಸು, ಇಪ್ಪತ್ತು ತೆಂಗಿನ ಮರ, ಒಂದು ಸ್ಟೀಲಿನ ಕ್ಯಾನು. ದಿನಾ ಎಲ್ಲರಿಗಿಂತ ಮೊದಲು ಬಂದು ಕಾರ್ಡು ತೋರಿಸಿ, ಆಮೇಲೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದಳು. ಮಗುವನ್ನು ಸ್ಕೂಲಿಗೆ ಕಳಿಸಬೇಕಾದವರು, ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸು ಹಿಡಿಯಬೇಕಾದವರು, ಒಲೆ ಮೇಲೆ ಏನೋ ಇಟ್ಟು ಬಂದವರು ಎಲ್ಲರನ್ನೂ ಮುಂದೆ ಬಿಡುತ್ತಿದ್ದಳು. ನನಗೇನು ಅವಸರ ಎಂಬುದು ಅವಳ ಮಾತು. ಇದನ್ನು ಎಲ್ಲರೂ ದಿನಾ ಕಣ್ಣಾರೆ ನೋಡುತ್ತಿದ್ದರು. ಆದರೆ ಟಿವಿ ಬಂದ ಮೇಲೆ ಯಾರೂ ಭೂತಮ್ಮನ ಕಡೆ ನೋಡಲಿಲ್ಲ, ಟಿವಿ ನೋಡಿದರು.

ಮಹಾಂತೇಶ್ ಒಂದು ತೆಂಗಿನ ಕಡ್ಡಿ ತೆಗೆದುಕೊಂಡು ಆ ಸಾಲನ್ನು ಮುಟ್ಟಿ ತೋರಿಸಿದ.

“ಭೂತಮ್ಮ, ಇಲ್ಲಿ ನೋಡು. ಇದು ನೀನು.”

ಭೂತಮ್ಮ ಕ್ಯಾನು ಕೆಳಗಿಟ್ಟು ಹತ್ತಿರ ಬಂದು ನೋಡಿದಳು. “ಇಷ್ಟುದ್ದ ಇವ್ನಾ ನಾನು?”

“ಅದು ನೀನು ಮಾಡೋ ತಡ. ಎಲ್ಲಾರ್ಗಿಂತ ಉದ್ದ ನಿಂದೇ.”

ಸಾಲಿನಲ್ಲಿದ್ದವರು ತಿರುಗಿ ಅವಳನ್ನು ನೋಡಿದರು. ಭೂತಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ನಾಳೆಯಿಂದ ಬಿರಬಿರನೆ ಸುರಿಯುತ್ತೇನೆ ಎಂದು ಹೇಳಿ ಹೋದಳು.

ಮಾರನೆಯ ದಿನ ಅವಳು ಬಿರಬಿರನೆ ಸುರಿದಳು. ಕೆಂಪು ಕಡಿಮೆಯಾಗಲಿಲ್ಲ, ಇನ್ನೂ ಒಂದು ಗೇಣು ಬೆಳೆಯಿತು. ಅವಳದಷ್ಟೇ ಅಲ್ಲ, ಎಲ್ಲರದೂ ಬೆಳೆಯಿತು. ಇಪ್ಪತ್ತು ಸೆಕೆಂಡಿಗೆ ಬರುತ್ತಿದ್ದ ಚೀಟಿ ಮೂವತ್ತಕ್ಕೆ ಬಂತು. ಒಂದು ವಾರದಲ್ಲಿ ನಲವತ್ತಕ್ಕೆ ಬಂತು. ಏಳೂವರೆಗೆ ಬಂದ ಗಾಡಿಯ ಡ್ರೈವರು ಎಂಜಿನ್ನು ಆರಿಸಿ, ಬೀಡಿ ಹಚ್ಚಿ, ಮಹಾಂತೇಶ್ ಸೇದಬೇಕಾಗಿದ್ದ ಬೀಡಿಯನ್ನೂ ತಾನೇ ಸೇದುವ ಹಾಗಾಯಿತು. ಡೈರಿಯಲ್ಲಿ ತಡವಾಗುತ್ತಿದೆ ಎಂಬುದು ಈಗ ಎಲ್ಲರಿಗೂ ಗೊತ್ತಾಯಿತು. ಟ್ರೇಸ್ ಮಾಡದೆ ಇದ್ದಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ ಎಂದು ಬಸವರಾಜಪ್ಪನವರು ಮಹಾಂತೇಶನ ಬೆನ್ನು ತಟ್ಟಿದರು.

ಬೆನ್ನು ತಟ್ಟಿಸಿಕೊಂಡವನಿಗೆ ಡೈರಿಯೊಂದೇ ಸಾಲಲಿಲ್ಲ. ಒಂದು ಭಾನುವಾರ ಮನೆಯಲ್ಲಿ ಮಧ್ಯಾಹ್ನದ ಅಡುಗೆಯನ್ನೂ ಟ್ರೇಸ್ ಮಾಡಿದ. ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಗಿರಿಜಾಂಬಿಕಾ ಒಲೆ ಹಚ್ಚಿದ್ದು, ಬೇಳೆ ಇಟ್ಟದ್ದು, ಸೊಪ್ಪು ಬಿಡಿಸಿದ್ದು ಎಲ್ಲವನ್ನೂ ಹೊತ್ತಿನ ಸಮೇತ ಬರೆದುಕೊಂಡ. ಊಟ ಒಂದೂವರೆಯ ಬದಲು ಎರಡೂ ಕಾಲಿಗೆ ಆಯಿತು. ಕೈ ತೊಳೆದು ಬಂದು ಅವಳಿಗೆ ಚಿತ್ರ ತೋರಿಸಿದ. ಹನ್ನೆರಡೂ ಮುಕ್ಕಾಲಿನಿಂದ ಒಂದೂವರೆಯವರೆಗೆ ಅವಳ ಸಾಲು ಕೆಂಪಾಗಿತ್ತು.

ಗಿರಿಜಾಂಬಿಕಾ ಆ ಕೆಂಪಿನ ಮೇಲೆ ಬೆರಳಿಟ್ಟಳು. “ಆಗ ನಾನು ಕಾಯಿಗೆ ಕಾಯ್ತಾ ನಿಂತಿದ್ದೆ ಕಣ್ರೀ. ಸಾರಿಗೆ ಕಾಯಿ ಬೇಕು, ಒಂದು ಸುಲ್ದು ಕೊಡಿ ಅಂತ ಮೂರು ಸಲ ಕೂಗ್ದೆ. ನೀವು ಪುಸ್ತಕದಲ್ಲಿ ಬರ್ಕೊತಿದ್ರಿ.”

ಕಾರಣಗಳನ್ನು ಫ್ರೇಮ್‌ವರ್ಕ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅದು ಕಂಡದ್ದನ್ನು ಮಾತ್ರ ಹೇಳುತ್ತದೆ ಎಂದು ಮಹಾಂತೇಶ್ ಗಂಭೀರವಾಗಿ ತಿಳಿಸಿದ. ಮನೆಯ ಸುತ್ತ ಮುನ್ನೂರು ತೆಂಗಿನ ಮರಗಳಿರುವ ಆ ಮನೆಯಲ್ಲಿ ಮುಂದಿನ ನಾಲ್ಕು ದಿನ ಕಾಯಿಲ್ಲದ ಸಾರು ಆಯಿತು. ಅದನ್ನು ಅವನು ಟ್ರೇಸ್ ಮಾಡಲಿಲ್ಲ.

ಇತ್ತ ಡೈರಿಯಲ್ಲಿ ಭೂತಮ್ಮನಿಗೆ ಹೊಸ ಹೆಸರು ಬಂತು. ಯಾರು ಮೊದಲು ಕರೆದರೋ ಗೊತ್ತಿಲ್ಲ, ಅವಳು ದೂರದಲ್ಲಿ ಕಂಡರೆ ಸಾಲಿನಲ್ಲಿದ್ದವರು ಕೆಂಪಮ್ಮ ಬಂದಳು ಎನ್ನತೊಡಗಿದರು. ಅವಳು ಮುಂದೆ ಬಿಟ್ಟು ಕಳಿಸುತ್ತಿದ್ದವರೂ ಹಾಗೆಯೇ ಕರೆದರು. ಗಾಡಿಯ ಡ್ರೈವರು ದಿನಾ ಗೊಣಗುತ್ತಿದ್ದುದರಿಂದ ಬಸವರಾಜಪ್ಪನವರು ಒಂದು ತೀರ್ಮಾನ ಮಾಡಿದರು. ಮೂವತ್ತೇಳನೇ ನಂಬರು ಎಲ್ಲರದೂ ಮುಗಿದ ಮೇಲೆ ಬರಬೇಕು. ಅದನ್ನು ಭೂತಮ್ಮನಿಗೆ ಹೇಳುವ ಕೆಲಸ ಮಹಾಂತೇಶನ ಪಾಲಿಗೆ ಬಂತು. ಅವನು ಹೇಳಿದ. ಅವಳು ಆಗಲಿ ಎಂದಳು. ಮೂರು ದಿನ ಕೊನೆಯಲ್ಲಿ ಬಂದಳು. ನಾಲ್ಕನೆಯ ದಿನದಿಂದ ಬರಲೇ ಇಲ್ಲ.

ಭೂತಮ್ಮ ಬರದಿದ್ದ ಮೊದಲ ದಿನ ಎಲ್ಲರೂ ಟಿವಿಯ ಮುಂದೆ ಸೇರಿದರು. ಇನ್ನು ಕೆಂಪು ಹೋಗುತ್ತದೆ ಎಂದು ಕಾದರು. ಚೀಟಿ ಬರಲು ಐವತ್ತು ಸೆಕೆಂಡು ಹಿಡಿಯಿತು. ಕೆಂಪು ಮೂವತ್ತೇಳರಿಂದ ಎದ್ದು ಹುಚ್ಚರಂಗಯ್ಯನ ಸಾಲಿಗೆ ಹೋಗಿ ಕೂತಿತು. ಹುಚ್ಚರಂಗಯ್ಯ ಬಲು ಬೇಜಾರು ಮಾಡಿಕೊಂಡ. ತನ್ನ ಮನೆತನದಲ್ಲಿ ತಡ ಮಾಡಿದವರು ಯಾರೂ ಇಲ್ಲವೆಂದೂ, ತನ್ನ ತಂದೆ ತಮ್ಮ ಮದುವೆಗೂ ಒಂದು ದಿನ ಮುಂಚೆ ಹೋಗಿದ್ದರೆಂದೂ ಹೇಳಿದ. ಎರಡು ದಿನ ಅವನ ಸರದಿ, ಮುಂದಿನ ಎರಡು ದಿನ ಮೇಲ್ಗಡೆ ಬೀದಿಯ ಅಕ್ಕತಂಗಿಯರ ಸರದಿ. ಕಳ್ಳತನದ ಆಪಾದನೆ ಬಂದವರ ಹಾಗೆ ಒಬ್ಬೊಬ್ಬರೂ ಟಿವಿಯ ಮುಂದೆ ನಿಂತು ತಾವು ಏನೂ ಮಾಡಿಲ್ಲವೆಂದು ಸಮಜಾಯಿಷಿ ಕೊಟ್ಟರು. ಏನೂ ಮಾಡಿಲ್ಲವೆಂಬುದು ನಿಜವಾಗಿತ್ತು. ಮಹಾಂತೇಶ್ ಒಬ್ಬರದನ್ನೂ ನಂಬಲಿಲ್ಲ. ಅಪರಾಧಿಗಳು ಹೆಚ್ಚಿದಂತೆಲ್ಲ ಅವನು ಇನ್ನಷ್ಟು ಬಣ್ಣಗಳನ್ನು ಸೇರಿಸಿದ, ಹೆಸರುಗಳನ್ನು ದಪ್ಪ ಅಕ್ಷರದಲ್ಲಿ ಮಾಡಿದ, ಮೊದಲ ದಿನದಿಂದ ಇಂದಿನವರೆಗಿನ ತಡವನ್ನೆಲ್ಲ ಒಟ್ಟಿಗೆ ತೋರಿಸುವ ಏರ್ಪಾಟು ಮಾಡಿದ. ಚೀಟಿ ಒಂದು ನಿಮಿಷಕ್ಕೆ ಬಂತು.

ಕೊನೆಗೆ ಒಂದು ಸೋಮವಾರ ಕೆಂಪು ಬಸವರಾಜಪ್ಪನವರ ಸಾಲಿಗೇ ಬಂತು. ಸಂಘದ ಚುನಾವಣೆ ಮುಂದಿನ ತಿಂಗಳಿತ್ತು. ಅವರು ತಮ್ಮ ಹಾಲನ್ನು ಆಳಿನ ಕೈಯಲ್ಲಿ ಕಳಿಸುವುದನ್ನು ಬಿಟ್ಟು, ತಾವೇ ಕ್ಯಾನು ಹಿಡಿದು ಬಂದು, ಕಾರ್ಡು ತೋರಿಸಿ, ಬಾಗಿಲಲ್ಲಿ ಕೈಮುಗಿದುಕೊಂಡು ನಿಂತು ಎಂಬತ್ತು ಮಂದಿಯನ್ನೂ ಮುಂದೆ ಬಿಡುತ್ತಿದ್ದರು. ಅವರ ಪಟ್ಟಿ ಟಿವಿಯ ಈ ಅಂಚಿನಿಂದ ಆ ಅಂಚಿನವರೆಗೆ ಇತ್ತು. ಮಹಾಂತೇಶ್ ತೆಂಗಿನ ಕಡ್ಡಿಯನ್ನು ಮೆಲ್ಲಗೆ ಮೇಜಿನ ಕೆಳಗಿಟ್ಟ. ಆದರೆ ಅಷ್ಟು ಉದ್ದದ ಪಟ್ಟಿಗೆ ಕಡ್ಡಿ ಬೇಕಾಗಿರಲಿಲ್ಲ.

ಅದೇ ದಿನ ಹಾಲಿನ ಗಾಡಿಯ ಡ್ರೈವರು ಎಂಟೂ ಕಾಲಿನವರೆಗೆ ಕಾದು, ಇನ್ನೂ ಮೂವತ್ತೊಂದು ಜನ ಕ್ಯಾನು ಹಿಡಿದು ನಿಂತಿದ್ದ ಹಾಗೆಯೇ ಗಾಡಿ ಬಿಟ್ಟುಕೊಂಡು ಹೋದ. ಆ ಮೂವತ್ತೊಂದು ಮನೆಯವರು ಹಾಲನ್ನು ವಾಪಸು ಹೊತ್ತುಕೊಂಡು ಹೋದರು. ಊರಲ್ಲಿ ಅವತ್ತು ಹಬ್ಬವಿಲ್ಲದೆ ಪಾಯಸವಾಯಿತು. ಕೆಲವರು ಮೊಸರಿಗೆ ಹೆಪ್ಪು ಹಾಕಿದರು, ಹೆಪ್ಪು ಕೇಳಲು ಹೋದರೆ ಆ ಮನೆಯವರೂ ಹೆಪ್ಪನ್ನೇ ಹುಡುಕುತ್ತಿದ್ದರು. ಸಂಜೆಯ ಹೊತ್ತಿಗೆ ಒಕ್ಕೂಟಕ್ಕೆ ಹನ್ನೊಂದು ದೂರುಗಳು ಹೋದವು. ಒಂಬತ್ತು ದೂರುಗಳಲ್ಲಿ ಒಬ್ಬರು ಇನ್ನೊಬ್ಬರ ಹೆಸರು ಹೇಳಿದ್ದರು.

ಮಾರನೆಯ ಬೆಳಗ್ಗೆ ಒಕ್ಕೂಟದ ವಿಸ್ತರಣಾಧಿಕಾರಿ ಸುನಂದಾ ತಿಪಟೂರಿನಿಂದ ಸ್ಕೂಟರಿನಲ್ಲಿ ಬಂದರು. ಮೂವತ್ತೈದರ ಆಸುಪಾಸಿನವರು, ಮಾತು ಕಡಿಮೆ. ಬಸವರಾಜಪ್ಪನವರು ಕುರ್ಚಿ ಹಾಕಿಸಿದರೆ ಕುಳಿತುಕೊಳ್ಳದೆ ಕಾಲು ಗಂಟೆ ಸಾಲಿನ ಪಕ್ಕದಲ್ಲಿ ನಿಂತು ನೋಡಿದರು. ಆಮೇಲೆ ಟಿವಿಯ ಹತ್ತಿರ ಹೋದರು. ಮಹಾಂತೇಶ್ ಅಂಗಿಯ ಗುಂಡಿ ಸರಿಮಾಡಿಕೊಂಡು, ಓಪನ್ ಸೋರ್ಸ್ ಎಂಬಲ್ಲಿಂದ ಶುರುಮಾಡಿ ವಿವರಿಸಿದ. ಅವರು ಪೂರ್ತಿ ಕೇಳಿ ಚಿತ್ರ ಚೆನ್ನಾಗಿದೆ ಎಂದರು. ಅವನ ಎದೆ ಉಬ್ಬಿತು.

“ಈ ಕೆಂಪು ಏನ್ರೀ?”

“ತಡ ಮೇಡಂ.”

“ಯಾರಿಂದ ತಡ?”

“ಆ ಸಾಲು ಯಾರದೋ ಅವರಿಂದ.”

ಹಾಗಾದರೆ ಅಧ್ಯಕ್ಷರು ಅಷ್ಟು ಹೊತ್ತು ಏನು ಮಾಡುತ್ತಿದ್ದರು ಎಂದು ಸುನಂದಾ ಕೇಳಿದರು. ಬಾಗಿಲಲ್ಲಿ ಸುಮ್ಮನೆ ನಿಂತಿದ್ದರು ಎಂದು ಮಹಾಂತೇಶ್ ಹೇಳಿದ.

“ಸುಮ್ಮನೆ ನಿಂತೋರು ತಡ ಹೆಂಗ್ರೀ ಮಾಡ್ತಾರೆ? ಅವರು ಕಾಯ್ತಿದ್ದಾರೆ. ಕೆಂಪು ಅಂದ್ರೆ ಕಾಯ್ತಿರೋರು. ಅವರು ಕಾಯ್ತಿರೋದು ಯಾರಿಗೆ, ಅದು ಈ ಚಿತ್ರದಲ್ಲಿ ಎಲ್ಲಿದೆ?”

ಮಹಾಂತೇಶ್ ಹಸಿರನ್ನು ತೋರಿಸಿದ; ತೂಕಕ್ಕೆ ನಾಲ್ಕು ಸೆಕೆಂಡಿನ ಮೇಲೆ ಹಿಡಿಯುತ್ತಿರಲಿಲ್ಲ. ನೀಲಿಯನ್ನು ತೋರಿಸಿದ, ಪರೀಕ್ಷೆ ಎಂದಿನಷ್ಟೇ ಇತ್ತು. ಸುನಂದಾ ಕಂಪ್ಯೂಟರಿನ ಕಡೆ ನೋಡಿ, ಅದಕ್ಕೂ ಒಂದು ಸಾಲು ಹಾಕಲು ಬರುತ್ತದೆಯೇ ಎಂದರು. ಬರುತ್ತದೆ ಮೇಡಂ, ಏಳೇ ಸಾಲಿನ ಕೆಲಸ ಎಂದ ಮಹಾಂತೇಶ್. ಅಧಿಕಾರಿಯ ಎದುರಿಗೆ, ಅಧ್ಯಕ್ಷರ ಎದುರಿಗೆ, ಸಾಲಿನಲ್ಲಿದ್ದವರ ಎದುರಿಗೆ ಹತ್ತು ಬೆರಳೂ ಆಡಿಸಿ ಏಳು ಸಾಲು ಬರೆದ. ಒಂದು ತಪ್ಪೂ ಬರಲಿಲ್ಲ. ಅವನ ಜೀವನದಲ್ಲಿ ಅವನು ಬರೆದ ಅತ್ಯಂತ ಚೊಕ್ಕವಾದ ಪ್ರೋಗ್ರಾಮು ಅದೇ ಇರಬೇಕು.

ಚಿತ್ರ ಮೂಡಲು ಮೂರು ನಿಮಿಷ ಹಿಡಿಯಿತು. ಎಲ್ಲರೂ ಕತ್ತೆತ್ತಿ ನೋಡಿದರು. ಟಿವಿಯ ಕೆಳಗಡೆ, ಎಂಬತ್ತನಾಲ್ಕು ಸಾಲುಗಳ ಕೆಳಗೆ, ಹೊಸದೊಂದು ಸಾಲು ಬಂತು. ಒಂದು ನಿಮಿಷದಲ್ಲಿ ಹತ್ತು ಸೆಕೆಂಡು ಕಂಪ್ಯೂಟರು ತೂಕ ಬರೆದು ಚೀಟಿ ಕೊಡುತ್ತಿತ್ತು. ಮಿಕ್ಕ ಐವತ್ತು ಸೆಕೆಂಡು ಈ ಚಿತ್ರವನ್ನೇ ಬರೆಯುತ್ತಿತ್ತು. ಯಾರಾದರೂ ಒಬ್ಬರು ಕಾರ್ಡು ತೋರಿಸಿದರೆ ಸಾಕು, ಮಹಾಂತೇಶನ ಪ್ರೋಗ್ರಾಮು ಕಾಯಿ ಒಡೆದ ದಿನದಿಂದ ಹಿಡಿದು ಎಲ್ಲವನ್ನೂ ಮತ್ತೆ ಓದಿ, ಎಲ್ಲ ಪಟ್ಟಿಗಳನ್ನೂ ಮತ್ತೆ ಬಳಿಯುತ್ತಿತ್ತು. ದಿನ ಕಳೆದಂತೆ ಓದುವುದು ಹೆಚ್ಚುತ್ತಿತ್ತು. ಅಷ್ಟು ಹೊತ್ತೂ ಚೀಟಿ ಕಾಯುತ್ತಿತ್ತು, ಚೀಟಿಗೆ ಜನ ಕಾಯುತ್ತಿದ್ದರು.

ಮಹಾಂತೇಶನಿಗೆ ಎಲ್ಲರಿಗಿಂತ ಮೊದಲು ಅರ್ಥವಾಯಿತು. ಡಿಪ್ಲೊಮಾ ಮಾಡಿದವನಲ್ಲವೇ. ಟಿವಿ ಆರಿಸಲು ಕೈ ಚಾಚಿದ, ಆದರೆ ರಿಮೋಟು ಬಸವರಾಜಪ್ಪನವರ ಕೈಯಲ್ಲಿತ್ತು. ಅವರು ಅದನ್ನು ಕೊಡುವುದನ್ನೂ ಮರೆತು ನಿಂತಿದ್ದರು.

ಹುಚ್ಚರಂಗಯ್ಯ ಎಂದಿನ ಹಾಗೆ ಮೆಲ್ಲಗೆ ಕೇಳಿದ. “ಅಂದ್ರೆ ಇಷ್ಟ್ ದಿನ ನಾವು ಕಾಯ್ತಿದ್ದಿದ್ದು ನಿನ್ ಟಿವಿಗೇನಪ್ಪ?”

ಮಹಾಂತೇಶ್ ಹೌದೆಂದು ತಲೆ ಆಡಿಸಿದ. ಸುನಂದಾ ಪ್ರೋಗ್ರಾಮನ್ನು ನಿಲ್ಲಿಸಲು ಹೇಳಿದರು. ನಿಲ್ಲಿಸಿದ. ಬರ್ರೆಂದು ಚೀಟಿ ಬಂತು. ಹಿಂದೆಯೇ ಇನ್ನೊಂದು. ಅವತ್ತು ಗಾಡಿ ಬರುವಷ್ಟರಲ್ಲಿ ಡೈರಿಯ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಗೊಣಗಲು ಏನೂ ಸಿಗದ ಡ್ರೈವರು ಸ್ವಲ್ಪ ಹೊತ್ತು ಅಲ್ಲೇ ಸುಳಿದಾಡಿ ಹೋದ. ಸುನಂದಾ ಬಯ್ಯಲೂ ಇಲ್ಲ. ಮುಂದಿನ ಸಲ ಇದನ್ನು ಬೇರೆ ಕಂಪ್ಯೂಟರಿನಲ್ಲಿ ಮಾಡಿ ಎಂದು ಹೇಳಿ ಸ್ಕೂಟರು ಹತ್ತಿದರು. ಯಾರಾದರೂ ನಕ್ಕಿದ್ದರೆ ಮಹಾಂತೇಶನಿಗೆ ಎಷ್ಟೋ ಹಗುರವಾಗುತ್ತಿತ್ತು. ಯಾರೂ ನಗಲಿಲ್ಲ. ಒಬ್ಬರನ್ನೊಬ್ಬರು ದೂರಿ ಬರೆದಿದ್ದ ಒಂಬತ್ತು ಮಂದಿಯೂ ಅಲ್ಲೇ ಇದ್ದರಲ್ಲ, ಎಲ್ಲರೂ ತಂತಮ್ಮ ಕ್ಯಾನಿನ ಮುಚ್ಚಳ ನೋಡುತ್ತಿದ್ದರು.

ಮೂರು ದಿನ ಮಹಾಂತೇಶ್ ಹಾಲಿನ ಸೀಸೆಗಳಿಂದ ಕಣ್ಣೆತ್ತಲಿಲ್ಲ. ಮನೆಯಲ್ಲಿ ಸರ್ಟಿಫಿಕೇಟನ್ನು ತಾನೇ ಇಳಿಸಿ ಬೀರುವಿನ ಹಿಂದಕ್ಕೆ ಇಟ್ಟ. ಗಿರಿಜಾಂಬಿಕಾ ಅದನ್ನು ನೋಡಿಯೂ ನೋಡದವಳ ಹಾಗೆ ಇದ್ದಳು. ನಾಲ್ಕನೆಯ ದಿನ ಊಟಕ್ಕೆ ಬಡಿಸುತ್ತಾ, ಭೂತಮ್ಮನಿಗೆ ಹೇಳಿದಿರಾ ಎಂದು ಕೇಳಿದಳು. ಊರಿಗೆಲ್ಲ ಗೊತ್ತಾಗಿದೆಯಲ್ಲ, ಅವಳಿಗೂ ಯಾರಾದರೂ ಹೇಳಿರುತ್ತಾರೆ ಎಂದ.

“ಯಾರೋ ಹೇಳೋದು ಬೇರೆ ಕಣ್ರೀ.”

ಅವನು ಅರ್ಧ ಊಟಕ್ಕೆ ಎದ್ದ. ಬರಿಗೈಲಿ ಹೋಗಲು ಧೈರ್ಯ ಸಾಲದೆ, ವಿವರಿಸಲು ಅನುಕೂಲವಾಗಲಿ ಎಂದು ಚಿತ್ರದ ನಾಲ್ಕು ಹಾಳೆಗಳನ್ನು ಬಣ್ಣದಲ್ಲಿ ಮುದ್ರಿಸಿಕೊಂಡು ಹೋದ.

ಭೂತಮ್ಮ ಹಿತ್ತಲಲ್ಲಿದ್ದಳು. ಕ್ಯಾನಿನ ತುಂಬ ನೀರು ತುಂಬಿಕೊಂಡು, ಸೊಂಟ ಬಗ್ಗಿಸಿ, ಕೊಳಗಕ್ಕೆ ಸುರಿಯುತ್ತಿದ್ದಳು. ಸುರಿಯುತ್ತಾ ಗಟ್ಟಿಯಾಗಿ ಎಣಿಸುತ್ತಿದ್ದಳು. ಆರಕ್ಕೆ ಕ್ಯಾನು ಖಾಲಿಯಾಯಿತು. ಕೊಳಗದ ನೀರನ್ನು ತೆಂಗಿನ ಪಾತಿಗೆ ಚೆಲ್ಲಿ ಮತ್ತೆ ಕ್ಯಾನು ತುಂಬಲು ಹೊರಟವಳಿಗೆ ಇವನು ಕಂಡ. ಸುತ್ತಲಿನ ನೆಲ ಒದ್ದೆಯಾಗಿ ಕೆಸರಾಗಿತ್ತು.

“ಬಾ ಮಾಂತೇಸಪ್ಪ. ನೀನೇ ನೋಡು ಬಾ. ಮೊದ್ಲು ಹತ್ತು ಎಣ್ಸೋಗಂಟ ಆಗೋದು. ಈಗ ಆರಕ್ಕೆ ತಂದಿವ್ನಿ. ಈಗ ನನ್ ಪಟ್ಟಿ ಎಷ್ಟುದ್ದ ಬಂದಾತು?”

ಅವಳಿಗೆ ಯಾರೂ ಹೇಳಿರಲಿಲ್ಲ. ಅವಳನ್ನು ಕೆಂಪಮ್ಮ ಎಂದು ಕರೆದವರು ಯಾವ ಮುಖ ಇಟ್ಟುಕೊಂಡು ಹೇಳಲು ಹೋಗುತ್ತಾರೆ? ಮಹಾಂತೇಶ್ ಒದ್ದೆ ನೆಲದಲ್ಲೇ ನಿಂತು ಹಾಳೆಗಳನ್ನು ಬಿಡಿಸಿದ. ಟ್ರೇಸ್ ಎಂದರೇನು, ಬಣ್ಣವೆಂದರೇನು, ತಾನು ಅರ್ಥ ಮಾಡಿಕೊಂಡದ್ದು ಏನು, ನಿಜವಾಗಿ ಇದ್ದದ್ದು ಏನು ಎಂದು ಹತ್ತು ನಿಮಿಷ ಹೇಳಿದ. ಅವಳು ಹಾಳೆ ನೋಡಲಿಲ್ಲ, ಅವನ ಮುಖ ನೋಡಿದಳು.

“ಅಂಗಾರೆ ನಾನು ತಡ ಮಾಡ್ತಿರ್ನಿಲ್ಲ.”

“ಇಲ್ಲ.”

ಭೂತಮ್ಮ ಕ್ಯಾನನ್ನು ಬೋರಲು ಹಾಕಿದಳು. “ಹತ್ತೊಂಬತ್ ದಿನದಿಂದ ನೀರು ಸುರೀತಾ ಇವ್ನಿ ಕಣಪ್ಪ.”

ಆಮೇಲೆ ಅವಳು ಒಳಗೆ ಹೋಗಿ ಫೋನು ತಂದಳು. ಅವಳ ಮಾತಿನ ಸಾರಾಂಶ ಇಷ್ಟು. ಸುದ್ದಿ ಅವಳ ನೆಂಟರಿಗೆಲ್ಲ ಮುಟ್ಟಿದೆ. ದಿನಾ ಒಬ್ಬರಲ್ಲ ಒಬ್ಬರು ಕೇಳುತ್ತಾರೆ. ಅವಳು ತಾನು ಏನೂ ಮಾಡಿಲ್ಲವೆಂದರೆ, ಮಿಷನ್ನು ಸುಳ್ಳು ಹೇಳುತ್ತದೆಯೇ ಎನ್ನುತ್ತಾರೆ. ಈಗ ಮಿಷನ್ನಿನವನೇ ಬಂದಿದ್ದಾನೆ, ಅವನೇ ಹೇಳಲಿ. ಬಾಗಿಲ ಪಕ್ಕದ ಗೋಡೆಯ ಮೇಲೆ ಇದ್ದಿಲಿನಲ್ಲಿ ಆರು ಫೋನ್ ನಂಬರುಗಳನ್ನು ಬರೆದಿತ್ತು. ಮೇಲಿನಿಂದ ಶುರುಮಾಡು ಎಂದಳು.

ಮೊದಲನೆಯದು ಚಿಕ್ಕನಾಯಕನಹಳ್ಳಿಯ ತಂಗಿ ಸಿದ್ದಮ್ಮ. ಮಹಾಂತೇಶ್ ಫ್ರೇಮ್‌ವರ್ಕಿನಿಂದ ಆರಂಭಿಸಿದ. ಏಳು ನಿಮಿಷ ಕೇಳಿದ ಸಿದ್ದಮ್ಮ, ಅದೆಲ್ಲ ಇರಲಿ, ನಮ್ಮಕ್ಕ ತಡ ಮಾಡಿದಳೋ ಇಲ್ಲವೋ ಎಂದು ಕೇಳಿದಳು. ಇಲ್ಲ ಎಂದ. ಅಷ್ಟು ಹೇಳಲು ಇಷ್ಟು ಮಾತೇಕೆ ಎಂದು ಅವಳು ಫೋನಿಟ್ಟಳು.

ಎರಡನೆಯದು ತುರುವೇಕೆರೆಯ ಬೀಗಿತ್ತಿ, ಮಗಳ ಅತ್ತೆ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಸುದ್ದಿ ಬೆಳೆದು, ಭೂತಮ್ಮ ಹಾಲಿಗೆ ಏನೋ ಬೆರೆಸಿದ್ದರಿಂದ ಪರೀಕ್ಷೆಯಲ್ಲಿ ಹಾಲು ಕೆಂಪಗೆ ತಿರುಗಿತಂತೆ, ಡೈರಿಯಿಂದ ಓಡಿಸಿದರಂತೆ ಎಂದಾಗಿತ್ತು. ಸೊಸೆಯನ್ನೂ ಅದೇ ಮಾತಿನಲ್ಲಿ ಚುಚ್ಚುತ್ತಿದ್ದರಂತೆ. ಮಹಾಂತೇಶ್ ಈ ಸಲ ಫ್ರೇಮ್‌ವರ್ಕಿನ ಮಾತು ಎತ್ತಲಿಲ್ಲ. ಭೂತಮ್ಮನ ಹಾಲು ನಮ್ಮ ಡೈರಿಗೆ ಬರುವ ಹಾಲುಗಳಲ್ಲೆಲ್ಲ ಚೊಕ್ಕವಾದದ್ದು, ಕೆಂಪಾದದ್ದು ನನ್ನ ಟಿವಿ, ತಪ್ಪು ಪ್ರೋಗ್ರಾಮಿನದು ಎಂದು ಎರಡು ನಿಮಿಷದಲ್ಲಿ ಮುಗಿಸಿದ. ಪ್ರೋಗ್ರಾಮು ಯಾರದು ಎಂದು ಬೀಗಿತ್ತಿ ಕೇಳಿದರು. ನನ್ನದು ಎಂದ.

ಮೂರನೆಯದು ಕಂದಿಕೆರೆಯ ಅಣ್ಣನ ಮಗ ಮಾಯಣ್ಣ. ಅವನಿಗೆ ಒಂದೇ ಮಾತು ಹೇಳಿದ. ತಪ್ಪು ನನ್ನದು, ನಿಮ್ಮತ್ತೆಯದಲ್ಲ.

ನಾಲ್ಕನೆಯದು ಹಾಲ್ಕುರಿಕೆಯಲ್ಲಿರುವ ದೊಡ್ಡಪ್ಪನ ಮಗ. ಎಂಬತ್ತರ ಮುದುಕ, ಕಿವಿ ಮಂದ. ಫೋನು ಎತ್ತಿ ಯಾರು ಎಂದು ಕೂಗಿದ.

“ಡೈರಿ ಮಹಾಂತೇಶ. ತಪ್ಪು ನಂದು ಅಂತ ಹೇಳಕ್ಕೆ ಮಾಡ್ದೆ.”

“ಯಾರ್ದು?”

“ನಂದು. ತಪ್ಪು ನಂದು.”

“ಜೋರಾಗಿ ಹೇಳಪ್ಪ, ಯಾರ್ದು ತಪ್ಪು?”

ಮಹಾಂತೇಶ್ ಹಿತ್ತಲಲ್ಲಿ ನಿಂತು, ಕಣ್ಣುಮುಚ್ಚಿ, ಎದೆಯಲ್ಲಿದ್ದ ಉಸಿರೆಲ್ಲ ಸೇರಿಸಿ ಕೂಗಿದ. ತಪ್ಪು ನಂದು, ಭೂತಮ್ಮಂದಲ್ಲ ಎಂದು ಮೂರು ಸಲ ಕೂಗಬೇಕಾಯಿತು. ಮೂರನೆಯ ಸಲಕ್ಕೆ ಅತ್ತಲಿಂದ ಸರಿ ಎಂಬ ಮಾತು ಬಂತು. ಕಣ್ಣು ಬಿಟ್ಟರೆ ಬೇಲಿಯ ಆಚೆ ಜನ ನಿಂತಿದ್ದರು. ಕಾಯಿ ಸುಲಿಯುತ್ತಿದ್ದವರು ಕೈ ನಿಲ್ಲಿಸಿದ್ದರು. ಹುಚ್ಚರಂಗಯ್ಯ ಬೇಲಿಗೆ ತೀರ ಹತ್ತಿರದಲ್ಲಿದ್ದ. ಒಂದು ಕ್ಷಣ ಮಹಾಂತೇಶನನ್ನು ನೋಡಿ, ಆಮೇಲೆ ತಲೆ ತಗ್ಗಿಸಿ, ತಾನೂ ಒಂದೆರಡು ಸಲ ಹಾಗೆ ಕರೆದಿದ್ದೆ ಭೂತಮ್ಮ ಎಂದ.

ಭೂತಮ್ಮ ಫೋನು ತೆಗೆದುಕೊಂಡು ಸೆರಗಿನಲ್ಲಿ ಒರೆಸಿದಳು.

“ಇನ್ನಿಬ್ರು ಅವ್ರೆ. ಕೂಲಿಗೆ ಹೋಗಿರ್ತಾರೆ, ಸಂಜೀಕೇ ಸಿಗೋದು. ಹೆಂಗೂ ಡೈರಿಗೆ ಹಾಲು ಹಾಕಕ್ಕೆ ಬತ್ತೀನಲ್ಲ, ಫೋನೂ ತತ್ತೀನಿ ಬುಡು. ಅಲ್ಲೇ ಹೇಳುವಂತೆ.”

ಸಂಜೆಯ ಸಾಲಿನಲ್ಲೂ ಎಂಬತ್ತನಾಲ್ಕು ಜನ ಇರುತ್ತಾರೆ. ಮಹಾಂತೇಶ್ ಹಾಳೆಗಳನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಹೂಂ, ತಗೊಂಬಾ ಎಂದ.